ತೆನಿಂಗಳ ಅಂಗಳಕ್ಕೆ ತಿರುಗಿದ ದಾರಿ

ಡಕಾರ್‌ನ ಮೆದೀನಾ ಕೇರಿಯಲ್ಲಿ ಜನರನ್ನು ನಡೆಸಿಕೊಂಡು ಹೋಗಿ ತಿನ್ನಿಸುವ ಕೆಲಸ ಹಿಡಿದು ಯಾಂದೆ ಫಾಯ್‌ಗೆ ಆರು ವರ್ಷವಾಗಿತ್ತು. ಬೆಳಿಗ್ಗೆ ಹತ್ತಕ್ಕೆ ತಿಲೇನ್ ಮಾರುಕಟ್ಟೆಯ ಬಾಗಿಲಿಂದ ಹೊರಟರೆ ಮಧ್ಯಾಹ್ನ ಎರಡಕ್ಕೆ ಮೀನುಗಾರರ ಕಡಲತೀರ ಮುಟ್ಟಿಸುವಳು. ನಡುವೆ ಏಳು ಕಡೆ ತಿಂಡಿ. ಅವಳ ಹಿಂದೆ ನಡೆದವರು ಸೊಂಟಪಟ್ಟಿ ಸಡಿಲಿಸಿಕೊಂಡು ಹೋದದ್ದುಂಟೇ ಹೊರತು ಹಸಿದು ಹೋದದ್ದಿಲ್ಲ.

ಆ ಗುರುವಾರ ಬಂದವರು ಮೂರೇ ಜನ. ಬಮಾಕೊದ ಹೊಸ ಗಂಡ ಹೆಂಡತಿ, ಒಬ್ಬರನ್ನೊಬ್ಬರು ನೋಡಿ ಬಿಡುವಾದಾಗ ಊರನ್ನೂ ನೋಡುತ್ತಿದ್ದರು. ಮೂರನೆಯವರು ಪೊದೋರ್‌ನ ಹಮ್ಮಾದಿ ಜಲ್ಲೊ, ನಲವತ್ತು ವರ್ಷ ನದಿಯಲ್ಲಿ ಜನರನ್ನು ದಾಟಿಸಿದ ಅಂಬಿಗ. ಅವರ ನೀಲಿ ನಿಲುವಂಗಿಯ ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ. ಟ್ಯಾಕ್ಸಿಯಲ್ಲಿ ತಂದು ಬಿಟ್ಟ ಮಗಳು ಕಿಟಕಿಯಿಂದಲೇ ಹೇಳಿದಳು: "ಅಕ್ಕಾ, ನಮ್ಮಪ್ಪಂಗೆ ಸಂಕೋಚ ಜಾಸ್ತಿ. ಬೇಡ ಅಂದ್ರೂ ಬಿಡ್ಬೇಡಿ, ಎಲ್ಲಾ ತಿನ್ಸಿ."

ಜಲ್ಲೊ ಎಂಬ ಹೆಸರು ಕೇಳಿದ್ದೇ ಯಾಂದೆಗೆ ಹುರುಪು ಬಂತು. ಫಾಯ್ ಮನೆತನದ ಸೆರೆರ್ ಜನಕ್ಕೂ ಜಲ್ಲೊ ಮನೆತನದ ದನಗಾಹಿ ಫುಲಾನಿಗಳಿಗೂ ಮುತ್ತಜ್ಜಂದಿರ ಕಾಲದಿಂದ ಗೇಲಿಯ ನೆಂಟಸ್ತಿಕೆ. ಒಬ್ಬರಿಗೊಬ್ಬರು ಏನಂದರೂ ಮುನಿಸಿಕೊಳ್ಳುವಂತಿಲ್ಲ.

"ಜಲ್ಲೊ ಅಂದ್ರೆ ನಮ್ಮನೆ ಆಳು. ಬಾ, ಇವತ್ತು ಒಡತಿ ಕೈಯಲ್ಲಿ ಊಟ," ಎಂದಳು.

ಮುದುಕರು ಬಾಯಿ ತೆರೆಯದೆ ನಕ್ಕರು. ಬೇರೆ ಯಾವ ಜಲ್ಲೊ ಆಗಿದ್ದರೂ ಅಷ್ಟರಲ್ಲಿ ಅವಳ ಏಳು ತಲೆಮಾರು ಜಾಲಾಡಿರುತ್ತಿದ್ದ.

ಮೊದಲ ಗಾಡಿಯಲ್ಲಿ ಅಲಸಂದೆ ವಡೆ. ಜಲ್ಲೊ ಎರಡನ್ನು ಇಸಿದುಕೊಂಡು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಎರಡನೆಯ ಕಡೆ ಕೆಂಡದ ಮೇಲೆ ಸುಟ್ಟ ಕುರಿಮಾಂಸ. ಒಂದು ತುಂಡು ಬಾಯಿಗೆ ಹಾಕಿಕೊಂಡರು. ಮೂರು ಬೀದಿ ದಾಟಿದರೂ ಅವರ ಎಡಗೆನ್ನೆ ಉಬ್ಬಿಕೊಂಡೇ ಇತ್ತು. ಹುರಿದ ಕಡಲೆಕಾಯಿ ಮಾರುವವಳು ಬಿಸಿ ಪೊಟ್ಟಣ ಕೊಟ್ಟಳು. ಅದು ಜೇಬಿಗಿಳಿಯಿತು.

ಯಾಂದೆಗೆ ತಡೆಯಲಾಗಲಿಲ್ಲ. ಉಣ್ಣದ ಅತಿಥಿಯನ್ನು ಹಿಂದೆ ಕಟ್ಟಿಕೊಂಡು ಮೆದೀನಾ ಸುತ್ತುವುದೆಂದರೆ ಅವಳಿಗೆ ಮುಖಕ್ಕೆ ಹೊಡೆದಂತೆ. ಗೇಲಿಯನ್ನು ಇನ್ನಷ್ಟು ಕಾಯಿಸಿದಳು. "ಹಾಲು ಕುಡಿದೇ ಬೆಳೆದ ಕುಲ ನೋಡಿ ಇದು. ಅಗಿಯೋದು ಹೆಂಗೆ ಅಂತ ಇವ್ರಿಗೆ ಯಾರೂ ಕಲಿಸ್ಲೇ ಇಲ್ಲ."

ಮದುಮಗಳು ಕಿಸಕ್ಕೆಂದಳು. ಮುದುಕರು ನಗಲಿಲ್ಲ. ಕಣ್ಣು ನೆಲಕ್ಕಿಳಿಯಿತು. ಏನೋ ತಪ್ಪಿದೆ ಎಂದು ಯಾಂದೆಗೆ ಆಗ ಹೊಳೆಯಿತು. ದಂಪತಿಯನ್ನು ಕಾಫಿ ಗಾಡಿಯ ಮುಂದೆ ನಿಲ್ಲಿಸಿ, ಜಲ್ಲೊ ಅವರನ್ನು ದರ್ಜಿಯ ಅಂಗಡಿಯ ನೆರಳಿಗೆ ಕರೆದೊಯ್ದಳು.

"ಏನಾಯ್ತಪ್ಪಾ? ನಾನು ಮಾತು ಮೀರಿದ್ನಾ?"

ಅವರು ಅತ್ತ ತಿರುಗಿ ಮಾಂಸದ ತುಂಡನ್ನು ಉಗಿದರು. ಆಮೇಲೆ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. ಹಲ್ಲುಗಳು ಮುತ್ತಿನಂತೆ ಹೊಳೆಯುತ್ತಿದ್ದವು.

"ಮಗಳು ಮಾಡ್ಸಿದ್ದು. ಸೋಮವಾರ ಹಾಕಿದ್ರು. ಒಸಡೆಲ್ಲ ಹುಣ್ಣಾಗಿದೆ."

"ಅವಳಿಗೆ ಹೇಳ್ಬಾರ್ದಾ?"

"ಎಷ್ಟು ಖುಷಿಯಾಗಿದ್ಲು ಗೊತ್ತಾ? ಇನ್ನು ಏನು ಬೇಕಾದ್ರೂ ತಿನ್ಬೋದು ಅಂತ ನಿನ್ನ ಟಿಕೆಟ್ಟೂ ಅವಳೇ ತಂದ್ಲು. ಹೆಂಗೆ ಹೇಳ್ಲಿ?" ಎನ್ನುತ್ತ ಅವರು ಹಲ್ಲನ್ನು ನಿಲುವಂಗಿಯ ಜೇಬಿಗೆ ಸೇರಿಸಿದರು.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಇಲ್ಲಿ ಹಲ್ಲೂ ಇತ್ತು, ಕಡಲೆಯೂ ಇತ್ತು; ಎರಡೂ ಜೇಬಿನಲ್ಲಿದ್ದವು.

ಯಾಂದೆ ಮುಂದಿನ ನಿಲ್ದಾಣಗಳನ್ನು ಮನಸ್ಸಿನಲ್ಲೇ ಎಣಿಸಿದಳು. ಸುಟ್ಟ ಮೀನು, ಗರಿಗರಿ ಕಡುಬು, ಪಾತ್ರೆಯ ತಳದ ಸೀದ ಅನ್ನ. ಒಂದೂ ಒಸಡಿಗೆ ದಕ್ಕುವಂಥದ್ದಲ್ಲ. ಈ ಹೊತ್ತಿನಲ್ಲಿ ಮೆತ್ತಗಿನ ಊಟ ಸಿಗುವುದು ಒಂದೇ ಮನೆಯಲ್ಲಿ: ಅವಳ ಅಣ್ಣನ ಹೆಂಡತಿ ತೆನಿಂಗಳ ಅಂಗಳದಲ್ಲಿ. ಅಲ್ಲಿ ದಿನವೂ ಸಜ್ಜೆಯ ಗಂಜಿ, ಮೇಲೆ ಗಟ್ಟಿ ಮೊಸರು. ಆದರೆ ಆ ಅಂಗಳ ತುಳಿದು ಏಳು ತಿಂಗಳಾಗಿತ್ತು. ಮೊಸರು ಹುಳಿ ಎಂದು ಯಾವನೋ ಪ್ರವಾಸಿ ಬರೆದದ್ದೇ ನೆಪವಾಗಿ, ಒಂದು ಮಾತೂ ತಿಳಿಸದೆ ಯಾಂದೆ ಆ ಮನೆಯನ್ನು ಪಟ್ಟಿಯಿಂದ ಕಿತ್ತುಹಾಕಿದ್ದಳು.

ದಂಪತಿಯನ್ನು ಕರೆದಳು. "ಇವತ್ತು ದಾರಿ ಬೇರೆ," ಎಂದಳಷ್ಟೇ. ಅಂಗಳದ ಬಾಗಿಲಲ್ಲಿ ತಲೆವಸ್ತ್ರ ಸರಿಮಾಡಿಕೊಂಡಳು. ಅದು ಸರಿಯಾಗೇ ಇತ್ತು.

ತೆನಿಂಗ್ ಬೇವಿನ ಮರದ ಕೆಳಗೆ ಗಂಜಿ ತಿರುವುತ್ತಿದ್ದಳು. ತಲೆ ಎತ್ತಲಿಲ್ಲ.

"ಅತ್ತಿಗೇ."

"ಯಾರದು? ಏಳು ತಿಂಗಳಿಂದ ನಂಗೆ ಕಣ್ಣು ಮಂಜು."

"ನಾನು, ಯಾಂದೆ."

"ಯಾಂದೆ ಅಂತ ಒಬ್ಬ ನಾದಿನಿ ಇದ್ಲು. ಹನ್ನೆರಡು ಜನ ಬರ್ತಾರೆ ಅಂತ ನಾನು ಪಾತ್ರೆ ತುಂಬ ಮಾಡ್ಕೊಂಡು ಕೂತಿದ್ದೆ. ಅವಳು ಆಚೆ ಬೀದಿಯಿಂದ ಹೋದ್ಲಂತೆ. ಪಕ್ಕದ್ಮನೆಯವ್ರು ಹೇಳಿದ್ರು."

ಇಷ್ಟು ದಿನ ಕಟ್ಟಿಕೊಂಡಿದ್ದ ಸಬೂಬುಗಳಲ್ಲಿ ಒಂದೂ ಯಾಂದೆಯ ನಾಲಿಗೆಗೆ ಬರಲಿಲ್ಲ. "ತಪ್ಪು ನಂದೇ. ಹೇಳ್ಬೇಕಿತ್ತು. ಮುಖ ತೋರ್ಸೋಕೆ ಧೈರ್ಯ ಸಾಲ್ಲಿಲ್ಲ."

"ಈಗೆಲ್ಲಿಂದ ಬಂತು ಧೈರ್ಯ?"

ಬೇರೆಯವರ ಬಾಯಿಯ ಗುಟ್ಟನ್ನು ಯಾಂದೆ ಹೇಗೆ ಹೇಳಿಯಾಳು? ಮುದುಕರೇ ಮುಂದೆ ಬಂದರು.

"ನನ್ನಿಂದ ತಾಯಿ. ನಾನು ಬೋಡುಬಾಯಿಯವನು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ."

ತೆನಿಂಗ್ ಈಗ ತಲೆ ಎತ್ತಿದಳು. "ಯಾವ ಮನೆತನ?"

"ಜಲ್ಲೊ."

"ಜಲ್ಲೊಗೆ ಹಲ್ಲು ಯಾಕೆ? ಹಸು ಕೆಚ್ಚಲಿಗೆ ಬಾಯಿ ಹಾಕೋಕೆ ತುಟಿ ಸಾಕಲ್ಲ."

ಹಮ್ಮಾದಿ ಜಲ್ಲೊ ಬೋಳು ಒಸಡೆಲ್ಲ ಕಾಣುವಂತೆ ನಕ್ಕರು. ಚಾಪೆ ಹಾಸಿಯಾಯಿತು, ಬಟ್ಟಲು ಬಂದವು. ಮೊದಲ ಬಟ್ಟಲು ಮಾತಿಲ್ಲದೆ ಮುಗಿಯಿತು. ಎರಡನೆಯದಕ್ಕೆ ಮುದುಕರ ನಾಲಿಗೆ ಸಡಿಲವಾಯಿತು: "ಸೆರೆರ್ ಹೆಂಗಸಿನ ಮೊಸರು ಇಷ್ಟು ರುಚಿ ಅಂದ್ರೆ, ಹಸು ನಮ್ಮದೇ ಇರ್ಬೇಕು. ನಿಮ್ಮಜ್ಜ ಕದ್ದು ತಂದಿರ್ತಾನೆ."

"ಕದಿಯೋದ್ಯಾಕೆ? ನಿಮ್ಮಜ್ಜನೇ ಒಂದು ಮೂಟೆ ಸಜ್ಜೆಗೆ ಕೊಟ್ಟು ಹೋದ, ಹೊಟ್ಟೆಬಾಕ."

ತೆನಿಂಗ್ ಮದುಮಗಳ ಕಡೆ ತಿರುಗಿ ನೇರವಾಗಿ ಕೇಳಿದಳು. "ಹುಳಿ ಇದ್ಯಾ?"

"ಇದೆ," ಎಂದಳು ಆಕೆ. "ಇನ್ನೊಂಚೂರು ಹಾಕಿ."

ತೆನಿಂಗ್ ನಾದಿನಿಯನ್ನು ನೋಡಿದ ನೋಟದಲ್ಲಿ ಏಳು ತಿಂಗಳ ಲೆಕ್ಕ ಚುಕ್ತಾ ಆಗಿತ್ತು. ಆಮೇಲೆ ಯಾಂದೆಯ ಬಟ್ಟಲಿಗೂ ಎಲ್ಲರಿಗಿಂತ ಹೆಚ್ಚಾಗಿ ಮೊಸರು ಸುರಿದಳು. ಯಾಂದೆ ಅಷ್ಟನ್ನೂ ತಿಂದಳು.

ಮೂರನೆಯ ಬಟ್ಟಲಿನ ಧೈರ್ಯದಲ್ಲಿ ಜಲ್ಲೊ ಮಗಳಿಗೆ ಫೋನ್ ಮಾಡಿದರು. ಆ ಕಡೆಯಿಂದ ಬೈಗುಳವೂ ಬಂತು, ನಗುವೂ ಬಂತು. "ನಾಳೆ ಬೆಳಿಗ್ಗೆ ಹಲ್ಲಿನ ಡಾಕ್ಟ್ರ ಹತ್ರ ಉಜ್ಜಿಸಿ ಸರಿ ಮಾಡಿಸ್ತಾಳಂತೆ," ಎಂದು ಕಣ್ಣೊರೆಸಿಕೊಂಡರು. "ಮೊದ್ಲೇ ಯಾಕೆ ಹೇಳ್ಲಿಲ್ಲ, ನಾನೇನು ಹುಲಿನಾ ಅಂದ್ಲು."

ಕಡಲತೀರಕ್ಕೆ ಹೊತ್ತಾಗಿತ್ತು. ಯಾಂದೆ ಎದ್ದಾಗ ತೆನಿಂಗ್ ಒಲೆಯ ಕೆಂಡ ಆರಿಸಿ ಚಪ್ಪಲಿ ಮೆಟ್ಟಿಕೊಂಡಳು.

"ನೀನೆಲ್ಲಿಗೆ?" ಎಂದಳು ಯಾಂದೆ.

"ನಿನ್ ಜೊತೆ. ಜನಕ್ಕೆ ಏನೇನು ಸುಳ್ಳು ಹೇಳ್ತೀಯೋ ಕೇಳ್ಬೇಕು."

ಮೊದಲ ಮೂಲೆಯಲ್ಲೇ ಶುರುವಾಯಿತು. ಈ ರೊಟ್ಟಿಯ ಭಟ್ಟಿಗೆ ಅರವತ್ತು ವರ್ಷ ಎಂದಳು ಯಾಂದೆ. ನಲವತ್ತೂ ಇಲ್ಲ, ನನ್ನ ಮದುವೆಯಾದ ವರ್ಷ ಕಟ್ಟಿದ್ದು ಎಂದಳು ತೆನಿಂಗ್. ಮುದುಕರು ಇಬ್ಬರದೂ ತಪ್ಪು ಎಂದು ನಡುವೆ ಬಾಯಿ ಹಾಕಿದರು. ಅವರು ಆ ಬೀದಿಗೆ ಕಾಲಿಟ್ಟದ್ದೇ ಅವತ್ತು. ಬಮಾಕೊದ ದಂಪತಿ ಒಬ್ಬರನ್ನೊಬ್ಬರು ನೋಡುವುದನ್ನು ಬಿಟ್ಟು ಈ ಮೂವರನ್ನೇ ನೋಡುತ್ತ ಹಿಂದೆ ನಡೆದರು.