ತುಂಬಿಯೇ ಬರುವ ಬಾಟಲಿ

ಸರ್ಕಾರದ ನಾಯಕತ್ವ ಫೆಲೋಶಿಪ್ ಸಿಕ್ಕಿ ಕರುಣಾ ಔರಾದದ ಕಚೇರಿಯೊಂದಕ್ಕೆ ಹೋಗತೊಡಗಿ ಎರಡು ತಿಂಗಳಾಗಿತ್ತು. ಭಾಲ್ಕಿಯ ಮನೆಯಲ್ಲಿ ಮಗಳ ಬುತ್ತಿಚೀಲ ಬಿಚ್ಚಿದ ಶೇವಂತಾಬಾಯಿಗೆ ನೀರಿನ ಬಾಟಲಿ ಅಂದೂ ತುಂಬಿಯೇ ಸಿಕ್ಕಿತು.

"ಇಂಥ ಬಿಸಲಾಗ ಒಂದ್ ಗುಟುಕೂ ಕುಡಿದಿಲ್ಲಲ್ಲ, ಯಾಕವ್ವ?"

"ಕುಡದ್ರ ಹೋಗಬೇಕಾಗ್ತದ, ಆಯಿ. ಹೆಣ್ಮಕ್ಕಳ ಶೌಚಾಲಯಕ್ಕ ಕೀಲಿ ಹಾಕ್ಯಾರ. ಕೀಲಿಕೈ ಸಾಹೇಬ್ರ ಡ್ರಾಯರ್‌ದಾಗ. ಬೀದರ್‌ದಿಂದ ತಪಾಸಣೆಗೆ ಬಂದ್ರಷ್ಟೇ ತೆಗಿತಾರ."

"ರಾಜ್ಯ ನಡಸೋದು ಕಲಸ್ತೀವಿ ಅಂತ ಕರ್ಕೊಂಡ್ ಹೋಗಿ, ಉಚ್ಚಿ ತಡ್ಕೊಳ್ಳೋದು ಕಲಸ್ಲಿಕತ್ತಾರೇನು?"

ಕರುಣಾ ನಗಲಿಲ್ಲ. ಬೀದರ್‌ಗೆ ಕಳಿಸಬೇಕಾದ ವರದಿ ಅವಳ ಮುಂದಿತ್ತು. 'ಮಹಿಳಾ ಶೌಚಾಲಯ' ಎಂಬಲ್ಲಿ ಸಾಹೇಬರೇ ಪೆನ್ಸಿಲ್‌ನಿಂದ 'ಇದೆ' ಎಂದು ಬರೆದುಕೊಟ್ಟಿದ್ದರು. ಅವಳು ಸಹಿ ಹಾಕಬೇಕಿತ್ತು.

"ಶೌಚಾಲಯ ಇರೋದಂತೂ ಖರೆ, ಆಯಿ. ವರದ್ಯಾಗ ಬ್ಯಾರೆ ಬರದ್ರ ವರ್ಷದ ಕಡಿಗೆ ಸರ್ಟಿಫಿಕೇಟ್ ತಡಿತಾರ."

"ಅಲ್ಲಿ ನೌಕರಿ ಮಾಡೋ ಹೆಣ್ಮಕ್ಕಳು ಎಷ್ಟ್ ಮಂದಿ?"

"ಐದ್ ಮಂದಿ."

"ಅವರ ಬಾಟ್ಲಿ ನೋಡಿಯೇನು?"

ಆ ಐವರ ಮೇಜಿನ ಮೇಲೆ ಬಾಟಲಿಯೇ ಇರುತ್ತಿರಲಿಲ್ಲ.

ಕರುಣಾ ಪೆನ್ನು ತೆಗೆದು 'ಇದೆ' ಎಂಬುದರ ಪಕ್ಕದಲ್ಲಿ ಬರೆದಳು: 'ಬೀಗ ಹಾಕಿದೆ. ಕೀಲಿಕೈ ಅಧಿಕಾರಿಯ ಡ್ರಾಯರ್‌ನಲ್ಲಿದೆ.' ಸಹಿಯನ್ನು ಕಾಗದ ಹರಿದೀತು ಎನ್ನುವಷ್ಟು ಒತ್ತಿ ಹಾಕಿದಳು.