ಕರ್ಪೂರ ಆರಿಸಿದ ಕೈ

ನನಗೆ ಕೋಪ ಮೂಗಿನ ತುದಿಯಲ್ಲೇ. ಗೊಟ್ಟಿಗೆರೆಯಲ್ಲಿ ತಿಮ್ಮರಾಯಪ್ಪ ಬಂದ ಎಂದರೆ ನನ್ನ ಬಾಡಿಗೆಯವರಿರಲಿ, ಬೀದಿನಾಯಿಯೂ ಪಕ್ಕಕ್ಕೆ ಸರಿಯುತ್ತದೆ. ಅಂಥವನ ಹೊಟ್ಟೆ ಸ್ಕ್ಯಾನ್ ಮಾಡಿ ಡಾಕ್ಟರ್ ಕಲ್ಯಾಣಿ, ಶುಗರ್ ಇರುವುದಲ್ಲದೆ ನಿಮ್ಮ ಲಿವರ್ ಕೂಡ ಗಟ್ಟಿಯಾಗುತ್ತಿದೆ ಎಂದರೆ ಸುಮ್ಮನಿರುತ್ತೇನೆಯೇ? ಒಂದು ತೊಟ್ಟು ಹೆಂಡವನ್ನೂ ಮುಟ್ಟಿದವನಲ್ಲ ನಾನು. ಬೀದಿಯವರೆಲ್ಲ ಪರೀಕ್ಷೆಗೆ ಸಾಲು ನಿಂತಿದ್ದ ಸಮುದಾಯ ಭವನದಲ್ಲೇ, ನಿಮ್ಮ ಮಿಷನ್ನು ಕೆಟ್ಟಿದೆ ಎಂದು ಕೂಗಾಡಿಬಿಟ್ಟೆ.

ಆಯಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದು ಕೂರಿಸಿದರು. ಇಪ್ಪತ್ತೆರಡು ವರ್ಷದಿಂದ ಅವರದು ಇದೊಂದೇ ಕೆಲಸವಂತೆ: ಶುಗರ್ ಇರುವವರ ಲಿವರ್ ಕುಡಿಯದೆಯೂ ಏಕೆ ಹಾಳಾಗುತ್ತದೆ, ಅದನ್ನು ಮೊದಲೇ ಹಿಡಿಯುವುದು ಹೇಗೆ ಎಂದು ಹುಡುಕುವುದು. ಉತ್ತರಹಳ್ಳಿಯಿಂದ ಹನುಮಂತನಗರದವರೆಗೆ ಮನೆಮನೆ ಸುತ್ತಿ ರಕ್ತ ತೆಗೆದಿದ್ದಾರೆ. ಪ್ರತಿ ವರ್ಷ ಅದೇ ಜನರ ಬಾಗಿಲು ತಟ್ಟುತ್ತಾರೆ, ಮನೆ ಬದಲಿಸಿದವರನ್ನೂ ಬಿಡುವುದಿಲ್ಲ. ಬೇರೆಯವರಾಗಿದ್ದರೆ ಜಯನಗರದಲ್ಲಿ ಬೋರ್ಡು ಹಾಕಿಕೊಂಡು ಹಾಯಾಗಿರುತ್ತಿದ್ದರು. ಇವರ ಕೂದಲು ನೆರೆತಿದೆ, ಕಾಲಲ್ಲಿ ಸವೆದ ಚಪ್ಪಲಿ. ಮನಸ್ಸಿನಲ್ಲೇ ಕೈ ಮುಗಿದೆ. ಬಾಯಿ ಮಾತ್ರ ಸೋಲಲಿಲ್ಲ.

"ಕುಡೀದೆ ಲಿವರ್ ಹೋಗಲ್ಲ ಮೇಡಂ. ನಮ್ಮನೇಲೇ ನೋಡಿದೀನಿ" ಎಂದೆ.

ನೋಡಿದ್ದು ನನ್ನ ತಮ್ಮ ಸಂಜೀವಯ್ಯನನ್ನು. ಅವನಿಗೂ ಶುಗರ್ ಇತ್ತು. ಇಪ್ಪತ್ತು ವರ್ಷಕ್ಕೂ ಹಿಂದೆ ಅವನ ಹೊಟ್ಟೆ ಊದಿಕೊಂಡು, ಕಣ್ಣು ಅರಿಶಿನವಾಯಿತು. ಕದ್ದು ಕುಡಿಯುತ್ತಾನೆ ಎಂದು ಊರೆಲ್ಲ ಆಡಿಕೊಂಡಿತು. ಬೆಂಕಿ ಇಲ್ಲದೆ ಹೊಗೆಯಾಡುತ್ತದೆಯೇ ಎಂದು ನಾನೂ ನಂಬಿದೆ. ಮನೆಯ ಮಾನ ಹೋಯಿತೆಂದು ಅವನನ್ನು ಮುನೇಶ್ವರನ ಗುಡಿಗೆ ಎಳೆದುಕೊಂಡು ಹೋಗಿ ಆಣೆ ಮಾಡು ಎಂದೆ. ಅವನು ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಒತ್ತಿ ಆರಿಸಿ, ನಾನು ಕುಡಿದವನಲ್ಲ ಎಂದ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ. ನಾಲ್ಕೇ ತಿಂಗಳಲ್ಲಿ ತೀರಿಕೊಂಡ. ಸುಳ್ಳು ಆಣೆಗೆ ದೇವರು ಬಲಿ ತೆಗೆದುಕೊಂಡ ಎಂದು ಮೊದಲು ಹೇಳಿದವನು ನಾನೇ. ಅದನ್ನು ಕೇಳಿದ ಅವನ ಹೆಂಡತಿ ಮುನಿವೆಂಕಟಮ್ಮ ಅಂದಿನಿಂದ ನನ್ನ ಹೊಸ್ತಿಲು ತುಳಿದಿಲ್ಲ. ಹಿಂದಿನ ಬೀದಿಯಲ್ಲೇ ಕುಡುಕನ ಹೆಂಡತಿ ಎನಿಸಿಕೊಂಡು ಬದುಕಿದ್ದಾಳೆ.

ಇದೇನನ್ನೂ ನಾನು ಡಾಕ್ಟರಿಗೆ ಹೇಳಲಿಲ್ಲ. ಅವರೇ ತಮ್ಮ ಮೊದಲ ಪೇಷೆಂಟಿನ ಕಥೆ ಹೇಳಿದರು. ಆಗ ಅವರಿನ್ನೂ ಕಲಿಯುತ್ತಿದ್ದರು. ಫೈಲಿನಲ್ಲಿ ಕುಡುಕ ಎಂದು ಬರೆ, ಇವರೆಲ್ಲ ಸುಳ್ಳು ಹೇಳುತ್ತಾರೆ ಎಂದು ದೊಡ್ಡ ಡಾಕ್ಟರು ಗದರಿದ್ದರಂತೆ.

"ನಾನು ಬರೀಲಿಲ್ಲ ಯಜಮಾನ್ರೇ. ಅವರ ಅಂಗೈಲಿ ಬೊಬ್ಬೆ ಇತ್ತು. ಕರ್ಪೂರ ಆರಿಸಿದ್ರೂ ನಮ್ಮಣ್ಣ ನಂಬಲಿಲ್ಲ, ನೀವಾದ್ರೂ ನಂಬಿ ಮೇಡಂ ಅಂದ್ರು. ನಂಬಿದೆ. ನನ್ನ ಕೆಲಸ ಶುರುವಾಗಿದ್ದೇ ಅಲ್ಲಿಂದ."

ಅವರು ಹೆಸರು ಹೇಳಲಿಲ್ಲ, ನಾನು ಕೇಳಲಿಲ್ಲ. ಸಂಬಂಧವೇ ಇಲ್ಲದ ಒಬ್ಬ ಹುಡುಗಿ ನನ್ನ ತಮ್ಮನ ಒಂದು ಮಾತು ನಂಬಿ ಇಪ್ಪತ್ತೆರಡು ವರ್ಷ ದುಡಿದಿದ್ದಾಳೆ. ಒಡಹುಟ್ಟಿದ ನನಗೆ ಒಂದು ದಿನ ನಂಬುವ ಯೋಗ್ಯತೆ ಇರಲಿಲ್ಲ.

ಅಲ್ಲಿಂದ ಸೀದಾ ಮುನಿವೆಂಕಟಮ್ಮನ ಬಾಗಿಲಿಗೆ ಹೋಗಿ, ಒಂದೇ ಒಂದು ಸಲ ಗುಡಿಗೆ ಬಾ ಎಂದು ಬೇಡಿಕೊಂಡೆ. ಕೈಯಲ್ಲಿದ್ದ ನೀರಿನ ಚೊಂಬು ಹಿಡಿದೇ ಬಂದಳು. ಬೀದಿಯವರೂ ಹಿಂದೆ ಬಂದರು. ಮುನೇಶ್ವರನ ಮುಂದೆ ಕರ್ಪೂರ ಹಚ್ಚಿ, ನನ್ನ ತಮ್ಮ ಕುಡಿದವನಲ್ಲ, ತಪ್ಪು ನನ್ನದು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಅಂಗೈ ಒತ್ತಿದೆ. ಚುರ್ರೆಂದಿತು.

ಅವಳು ಚೊಂಬಿನಿಂದ ನನ್ನ ಕೈ ಮೇಲೆ ನೀರು ಸುರಿದಳು. ಚೊಂಬು ಬರಿದಾಗುವವರೆಗೂ ಸುರಿಯುತ್ತಲೇ ಇದ್ದಳು.

"ಅವ್ರು ಆರಿಸಿದಾಗ್ಲೂ ನೀವು ಇಲ್ಲೇ, ಎದುರಿಗೇ ನಿಂತಿದ್ರಿ ಭಾವ" ಎಂದಳು.