ನಾಲ್ಕನೇ ಜೋಡಿ ಚಪ್ಪಲಿ

"ಇಷ್ಟೇನಾ?"

ನಮ್ಮಲ್ಲಿಗೆ ಬಂದವರೆಲ್ಲ ಎರಡನೇ ದಿನ ಕೇಳುತ್ತಿದ್ದ ಪ್ರಶ್ನೆ ಇದು. ಕಡಲತೀರದಿಂದ ಎರಡು ಬೀದಿ ಹಿಂದೆ ಆರು ಕೋಣೆಗಳ ವಸತಿಗೃಹ ನಮ್ಮದು. ಬಂದವರು ನೀರಿಗಿಳಿಯುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ನಾನು ಒಗೆದು ಹಾಸಿದ ಹೊದಿಕೆಯ ತುಂಬ ಮರಳು ಸುರಿಯುತ್ತಾರೆ, ಆಮೇಲೆ ಗಂಟುಮೂಟೆ ಕಟ್ಟುತ್ತಾರೆ.

ಅವರನ್ನು ಇನ್ನೊಂದು ದಿನ ಉಳಿಸಿಕೊಳ್ಳಲು ನಮ್ಮ ಯಜಮಾನರಿಗೆ ಒಂದು ಉಪಾಯ ಹೊಳೆಯಿತು. ಗುಡ್ಡದ ಆಚೆ ಒಂದು ಗುಹೆಯಿದೆ. ಅದರ ಗೋಡೆಯಲ್ಲಿ ಹಳೇ ಕಾಲದವರು ಕೆತ್ತಿದ ಪುಟ್ಟ ದೋಣಿಗಳ ಸಾಲು; ಮುಂದಿನ ಬಂಡೆಯ ಹೊಂಡಗಳಲ್ಲಿ ನಕ್ಷತ್ರಮೀನು. ಹೊರಗಿನವರು ಯಾರೂ ಕಂಡಿರದ ಜಾಗ. ಯಜಮಾನರು ದಾರಿಯ ನಕ್ಷೆ ಬರೆದರು, ನೂರು ಪ್ರತಿ ತೆಗೆಸಿದರು, ನಮ್ಮಲ್ಲಿ ಇಳಿದವರಿಗೆ ಕೊಟ್ಟು ಉಳಿದದ್ದನ್ನು ಬೀದಿಯ ಅಂಗಡಿಗಳಿಗೆಲ್ಲ ಹಂಚಿ ಬಂದರು. ಅವರದು ಒಳ್ಳೇ ಮನಸ್ಸು, ಅದರಲ್ಲಿ ಎರಡು ಮಾತಿಲ್ಲ.

ಪಕ್ಕದ ಮನೆಯ ದೀಪದಕ್ಕ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ದೀಪಸ್ತಂಭದಲ್ಲಿ ಮೂವತ್ತು ವರ್ಷ ದುಡಿದವಳಾದ್ದರಿಂದ ಅವಳಿಗೆ ಆ ಹೆಸರು.

"ದಾರಿ ಇದೆ, ಹೊತ್ತೇ ಬರೆದಿಲ್ವಲ್ಲಪ್ಪ?"

"ಗುಹೆಗೇನಕ್ಕಾ, ಬಾಗಿಲು ಹಾಕೋ ಹೊತ್ತಿರುತ್ತಾ?" ಎಂದರು ಯಜಮಾನರು.

"ಇರುತ್ತೆ. ಸಮುದ್ರ ಏರಿದಾಗ ಅದೇ ಹಾಕುತ್ತೆ."

"ಚಿಕ್ಕಂದಿನಿಂದ ನೂರು ಸಲ ಹೋಗಿದ್ದೀನಿ. ಒಳಗೆ ಒಂದು ಹನಿ ನೀರು ಕಂಡಿಲ್ಲ."

"ಯಾರ ಜೊತೆ ಹೋಗ್ತಿದ್ದೆ?"

"ಅಪ್ಪನ ಜೊತೆ, ಚಿಪ್ಪು ಆರಿಸೋಕೆ. ಅಪ್ಪ ಏಳು ಅಂದಾಗ ಎದ್ದು ಹೋಗೋದು, ನಡಿ ಅಂದಾಗ ವಾಪಸ್ ಬರೋದು."

"ಅಪ್ಪ ಯಾವತ್ತು ಏಳು ಅಂತಿದ್ರು, ಯಾಕೆ ಅವತ್ತೇ ಅಂತಿದ್ರು, ಕೇಳಿದ್ಯಾ?"

ಅವರು ಕೇಳಿರಲಿಲ್ಲ. ಮಾವ ತೀರಿಕೊಂಡ ಮೇಲೆ ಮೊಣಕಾಲು ನೋವಿನ ನೆಪ ಹೇಳಿ ಆ ಕಡೆ ತಲೆಯನ್ನೂ ಹಾಕಿರಲಿಲ್ಲ.

"ಆ ದೋಣಿ ಎಷ್ಟೆತ್ತರದಲ್ಲಿವೆ?" ದೀಪದಕ್ಕ ಬಿಡಲಿಲ್ಲ.

"ನನ್ನ ತಲೆಗಿಂತ ಎರಡು ಮೊಳ ಮೇಲೆ. ಎಲ್ಲಾ ಒಂದೇ ಗೆರೇಲಿ."

"ದೋಣಿ ಎಲ್ಲಿ ನಿಲ್ಲುತ್ತೆ, ಸ್ವಲ್ಪ ಯೋಚ್ನೆ ಮಾಡು."

"ಅಕ್ಕಂಗೆ ದೀಪ ಆರಿದ್ರೂ ಅಪಾಯ ಕಾಣೋದು ತಪ್ಪಿಲ್ಲ," ಎಂದು ಯಜಮಾನರು ನಕ್ಕರು. ನಾನೂ ನಕ್ಕೆ.

ತಿಂಗಳು ಕಳೆಯಿತು. ಒಂದು ಅಮಾವಾಸ್ಯೆಯ ದಿನ ಬೆಳಿಗ್ಗೆ ಮೂರನೇ ಕೋಣೆಯ ಹಿರಿಯ ದಂಪತಿ ಗುಹೆಗೆ ಹೊರಟರು. ವಯಸ್ಸಾದವರು ಎಂದು ನಮ್ಮ ಮಗಳು ಜೊತೆಗೆ ಹೋದಳು. ಅವಳಿಗೆ ಹತ್ತೊಂಬತ್ತು ವರ್ಷ, ನಮಗಿರುವುದು ಅವಳೊಬ್ಬಳೇ.

ಆ ದಿನ ಗಾಳಿಯೇ ಇರಲಿಲ್ಲ. ತಂತಿಯ ಮೇಲೆ ಒಣಹಾಕಿದ ಹೊದಿಕೆಗಳು ಅಲುಗಾಡದೆ ನಿಂತಿದ್ದವು. ಹತ್ತು ಗಂಟೆಯ ಹೊತ್ತಿಗೆ ದಡದಲ್ಲಿ ಬಲೂನು ಮಾರುವವನು ನಮ್ಮ ಬಾಗಿಲಿಗೆ ಬಂದ. ಅವನ ಕೈಯಲ್ಲಿ ಒಂದು ಜೊತೆ ಒದ್ದೆ ಚಪ್ಪಲಿ.

"ಅಮ್ಮಾ, ಇದು ನಿಮ್ಮ ಹುಡುಗೀದಲ್ವಾ? ನೀರಂಚಲ್ಲಿ ಬಿದ್ದಿತ್ತು."

ಕಿತ್ತುಹೋದ ಪಟ್ಟಿಗೆ ನೀಲಿ ದಾರ ಹಾಕಿ ಹೊಲಿದವಳು ನಾನೇ. ಗುಹೆಯ ಬಂಡೆ ಪಾಚಿಗಟ್ಟಿ ಜಾರುವುದರಿಂದ ಚಪ್ಪಲಿಯನ್ನು ಗುಹೆಯ ಬಾಯಲ್ಲೇ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಬೇಕು. ಬಿಟ್ಟ ಚಪ್ಪಲಿ ಬಂದಿದೆ, ಬಿಟ್ಟವಳು ಬಂದಿಲ್ಲ.

"ಇನ್ನೂ ಬರ್ತಾ ಇವೆ," ಎಂದ ಅವನು ಮೆಲ್ಲಗೆ.

ಯಜಮಾನರು ಗುಡ್ಡದ ಬುಡದ ದಾರಿ ಹಿಡಿಯಲು ಓಡಿದರೆ, ಪಕ್ಕದ ಮನೆಯಿಂದ ಧಾವಿಸಿ ಬಂದ ದೀಪದಕ್ಕ ಅವರ ತೋಳು ಹಿಡಿದು ಜಗ್ಗಿದಳು.

"ಕೆಳಗೆ ದಾರಿ ಮುಳುಗಿರುತ್ತೆ! ಮೇಲೆ ನಡಿ, ಉಸಿರುಬಾಯಿ ಹತ್ರ!"

ಗುಡ್ಡದ ನೆತ್ತಿಯಲ್ಲಿ ಕೊಡದ ಬಾಯಷ್ಟು ಅಗಲದ ತೂತೊಂದಿದೆ, ಅದೇ ಉಸಿರುಬಾಯಿ. ಅದು ಗುಹೆಯ ಚಾವಣಿಗೆ ಇಳಿಯುತ್ತದೆ. ನಾವು ಹೋದಾಗ ಅದು ಉಸಿರಾಡುತ್ತಿತ್ತು. ಸುತ್ತ ಒಂದು ಹುಲ್ಲುಕಡ್ಡಿಯೂ ಅಲುಗುತ್ತಿಲ್ಲ, ಆ ತೂತಿನಿಂದ ಮಾತ್ರ ತಣ್ಣನೆಯ ಗಾಳಿ ಹೊರಬರುತ್ತಿತ್ತು, ಮತ್ತೆ ಒಳಗೆ ಹೋಗುತ್ತಿತ್ತು. ಪ್ರತಿ ಸಲವೂ ಕಾಯಿಲೆಯ ಮನುಷ್ಯ ನರಳಿದ ಹಾಗೆ ಸದ್ದು. ಅಲೆ ಒಳಗಿನ ಗಾಳಿಯನ್ನು ತಳ್ಳುವುದರಿಂದ ಹಾಗಾಗುತ್ತದೆ ಎಂದು ದೀಪದಕ್ಕ ಹೇಳಿದಳು.

ನಾನು ಮಗಳೇ ಎಂದು ಕೂಗಿದೆ. ತೂತು ನರಳಿತು. ಮತ್ತೆ ಕೂಗಿದೆ. ಆ ನರಳಿಕೆಯ ಅಡಿಯಿಂದ ಸಣ್ಣ ದನಿಯೊಂದು ಬಂತು.

"ಅಮ್ಮಾ... ಒಳಗಿನ ಬಂಡೆ ಹತ್ತಿ ನಿಂತಿದ್ದೀವಿ, ನೀರು ದೋಣಿ ತನಕ ಬಂದಿದೆ!"

ಯಜಮಾನರು ತಲೆಯ ಮೇಲೆ ಕೈಯೆತ್ತಿ ಆ ಎತ್ತರ ಅಳೆದರು.

ದೀಪದಕ್ಕ ತೂತಿಗೆ ಬಾಯಿಟ್ಟು ಕೂಗಿದಳು: "ದೋಣಿಗಳ ಮೇಲೆ ಬಂಡೆಯ ಕಟ್ಟೆ ಇದೆ! ಮೂರೂ ಜನ ಅಲ್ಲಿಗೆ ಹತ್ತಿ! ಏನೇ ಆದ್ರೂ ಇಳೀಬೇಡಿ! ಒಂದೂವರೆಗೆ ದಾರಿ ಬಿಡುತ್ತೆ!"

ಮೂರು ಗಂಟೆ ಕಾಲ ನಾನು ಆ ತೂತಿನ ಪಕ್ಕ ಮಲಗಿ ಮಗಳ ಜೊತೆ ಮಾತಾಡಿದೆ. ನಡುನಡುವೆ ಅವಳ ದನಿ ನಿಂತುಹೋಗುತ್ತಿತ್ತು, ಉಸಿರಷ್ಟೇ ಕೇಳುತ್ತಿತ್ತು. ಅದು ಅವಳದೋ ಗುಹೆಯದೋ ನನಗೆ ತಿಳಿಯುತ್ತಿರಲಿಲ್ಲ. ಕೊನೆಗೆ ನೀರಿಳಿಯಿತು. ಮೂವರೂ ಬರಿಗಾಲಲ್ಲಿ, ತುಟಿ ನೀಲಿಗಟ್ಟಿಸಿಕೊಂಡು, ಜೀವಂತವಾಗಿ ಹೊರಬಂದರು.

"ಚಂದ ಅಂತ ಕೆತ್ತಿದ್ದು ಅಂದ್ಕೊಂಡಿದ್ದೆ ಅಕ್ಕಾ," ಎಂದರು ಯಜಮಾನರು, ಮಗಳನ್ನು ತಬ್ಬಿಕೊಂಡು.

"ಚಂದಾನೂ ಹೌದು, ಎಚ್ಚರಿಕೆನೂ ಹೌದು. ನಿಮ್ಮಪ್ಪಂಗೆ ಅದು ಗೊತ್ತಿತ್ತು. ನೀನು ದಾರಿ ಕಲಿತೆ, ಹೊತ್ತು ಕಲೀಲಿಲ್ಲ."

ಮನೆಗೆ ಬಂದಾಗ ಬಲೂನಿನವನು ಸಿಕ್ಕಿದ ಚಪ್ಪಲಿಗಳನ್ನೆಲ್ಲ ನಮ್ಮ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟುಹೋಗಿದ್ದ. ಮಗಳದು ಒಂದು, ದಂಪತಿಯದು ಎರಡು. ಅವುಗಳ ಪಕ್ಕ ಇನ್ನೊಂದು ಜೊತೆ ಇತ್ತು. ಕಂದು ಬಣ್ಣದ್ದು, ಗಂಡಸಿನದು, ಬಹಳ ದಿನ ನೀರಲ್ಲಿದ್ದ ಹಾಗೆ ಅಂಚಿಗೆ ಸಣ್ಣ ಚಿಪ್ಪುಗಳು ಅಂಟಿಕೊಂಡಿದ್ದವು.

"ಇದು ಯಾರದು?" ಎಂದೆ. ಮಗಳು ಗೊತ್ತಿಲ್ಲವೆಂದು ತಲೆಯಾಡಿಸಿದಳು. ಗುಹೆಯಲ್ಲಿ ಬೇರೆ ಯಾರೂ ಇರಲಿಲ್ಲವಂತೆ.

ಪೊಲೀಸರಿಗೆ ತಿಳಿಸಿದೆವು. ಹುಡುಕಿದರು, ಏನೂ ಸಿಗಲಿಲ್ಲ. ಅಂಗಡಿಯಲ್ಲಿ ನಕ್ಷೆ ತೆಗೆದುಕೊಂಡವರು ಎಷ್ಟು ಜನ, ಹೋದವರಲ್ಲಿ ವಾಪಸ್ ಬಂದವರು ಎಷ್ಟು ಜನ ಎಂದು ಅವರು ಕೇಳಿದರು. ನಾವು ಲೆಕ್ಕವನ್ನೇ ಇಟ್ಟಿರಲಿಲ್ಲ.

ಈಗ ನಮ್ಮ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇದೆ. ಸಮುದ್ರ ಏರುವ, ಇಳಿಯುವ ಹೊತ್ತನ್ನು ಯಜಮಾನರೇ ದಿನಾ ಬೆಳಿಗ್ಗೆ ದೀಪದಕ್ಕನನ್ನು ಕೇಳಿ ಬರೆಯುತ್ತಾರೆ. ಆ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ, ನಿನ್ನೆಯದು ಇವತ್ತಿಗೆ ನಡೆಯುವುದಿಲ್ಲ. ಹೋಗುವವರ ಹೆಸರು ಬರೆದುಕೊಳ್ಳುತ್ತೇವೆ, ಬಂದ ಮೇಲೆ ಹೊಡೆದುಹಾಕುತ್ತೇವೆ. ಹಳೆಯ ನಕ್ಷೆಗಳನ್ನು ಹುಡುಕಿ ಹುಡುಕಿ ಸುಟ್ಟೆವು.

ಕಡಲೂರಿಗೆ ಬರುವ ಅಣ್ಣಂದಿರೇ, ಅಕ್ಕಂದಿರೇ, ಮರಳು ನೋಡಿ ಸಾಕೆನ್ನಬೇಡಿ. ಗುಹೆಯನ್ನೂ ನೋಡಿ, ಕೆತ್ತನೆಯನ್ನೂ ನೋಡಿ. ಆದರೆ ದಾರಿ ಕೇಳುವ ಮೊದಲು ಹೊತ್ತು ಕೇಳಿ. ನೀರು ಬಲ್ಲವರನ್ನು ಜೊತೆಗೆ ಕರೆದುಕೊಳ್ಳಿ. ಎಷ್ಟು ಹೊತ್ತಿಗೆ ವಾಪಸ್ ಬರುತ್ತೇವೆಂದು ಯಾರಿಗಾದರೂ ಹೇಳಿ ಹೋಗಿ.

ಆ ಕಂದು ಚಪ್ಪಲಿ ಹಲಗೆಯ ಪಕ್ಕದ ಮೊಳೆಯಲ್ಲೇ ತೂಗುತ್ತಿದೆ. ಯಾರಾದರೂ ಬಂದು "ಇದು ನಂದು" ಅನ್ನಲಿ ಎಂದು ನಾನು ದಿನಾ ಬಾಗಿಲು ನೋಡುತ್ತೇನೆ.